ಅಲೇ ಮೇಡಂ

ಹೋದ ತಿಂಗಳು ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ರಿಟೈರ್ ಆದರು. ಬೀಳ್ಕೊಡುಗೆ ಸಮಾರಂಭದಲ್ಲಿ ಒಂಬತ್ತು ಮಂದಿ ಮಾತಾಡಿದರು. ಒಂಬತ್ತು ಮಂದಿಯೂ ಅವರನ್ನು ಶಾಂತಮೂರ್ತಿ ಅಂದರು, ಮೃದುಭಾಷಿ ಅಂದರು, ತಾಯಿಯಂಥವರು ಅಂದರು. ಮೇಡಂ ಶಾಂತವಾಗಿದ್ದದ್ದನ್ನು ನಾನು ಕಂಡದ್ದು ಸ್ಟಾಫ್ ಮೀಟಿಂಗಿನಲ್ಲಿ ಮಾತ್ರ. ಅಲ್ಲಿ ಅವರು ನಿದ್ದೆ ಮಾಡುತ್ತಿದ್ದರು. ಮೃದುವಾದ ಮಾತು ಅವರ ಬಾಯಿಂದ ಎಂದಾದರೂ ಬಂದಿದ್ದರೆ ಅದು ನಾನು ರಜೆ ಹಾಕಿದ ದಿನ ಬಂದಿರಬೇಕು. ಏಳನೆಯವನಾಗಿ ಎದ್ದು ನಿಂತ ನಾನೂ ಅದೇ ಮೂರು ಮಾತು ಹೇಳಿ ಕೂತೆ. ಮೇಡಂ ಕೊರಳಿನ ಹಾರದ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಹದಿನಾಲ್ಕು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವನು ನೋಡಿದ್ದು ಇಷ್ಟೇನಾ ಅನ್ನುವ ಹಾಗಿತ್ತು ಆ ನೋಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ಬರೆಯಲೇ ಎಂದು ಫೋನ್ ಮಾಡಿ ಕೇಳಿದಾಗ ಅವರೇ ಹೇಳಿದರು: "ಹೆಸರ ಹಾಕಿದ್ರ ಮಂದಿ ನನ್ನ ಬಗ್ಗೆ ಓದ್ತಾರ. ಹಾಕದಿದ್ರ ನೀವು ಬರೆದಿದ್ದು ಓದ್ತಾರ. ನಿಮಗ ಯಾವುದು ಬೇಕು ನೋಡ್ಕೋರಿ." ನಾನು ನನಗೆ ಬೇಕಾದದ್ದನ್ನು ಆರಿಸಿಕೊಂಡೆ.

ಮೇಡಂ ಹುಟ್ಟಿದ ಊರು ಲಿಂಗಸುಗೂರು. ಅಪ್ಪನದು ಬಟ್ಟೆ ಅಂಗಡಿ, ಈಗ ಅಣ್ಣ ನಡೆಸುತ್ತಾರೆ. ಕೆಲಸ ನಮ್ಮ ಸಿಂಧನೂರಿನ ಕಾಲೇಜಿನಲ್ಲಿ. ವಾಸ ಮಾತ್ರ ಎರಡಕ್ಕೂ ನಡುವಿನ ಮಸ್ಕಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಅಣ್ಣನ ಮನೆಗೂ ಕಾಲೇಜಿಗೂ ಸಮ ದೂರ ಇರಲಿ ಎಂದು ಮಾಡಿದ್ದಂತೆ. ಯಾವ ಕಡೆಯಿಂದಲೂ ಯಾರೂ ಥಟ್ಟನೆ ಬಂದು ಬಾಗಿಲು ಬಡಿಯಬಾರದು. ದಿನಾ ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ತಮ್ಮ ನೈಲಾನ್ ಚೀಲ ಒಳಗೆ ಎಸೆದು ಸೀಟು ಹಿಡಿಯುತ್ತಿದ್ದರು. ಚೀಲ ಒಂದೆರಡು ಸಲ ಮಂದಿಯ ತಲೆ ಮೇಲೆ ಬಿದ್ದದ್ದಿದೆ. ಅವರು ಕ್ಷಮೆ ಕೇಳುತ್ತಿರಲಿಲ್ಲ, "ಸರಕೊಂಡು ಕೂಡ್ರಿ" ಅನ್ನುತ್ತಿದ್ದರು. ಕುಳ್ಳಗಿನ ಆಳು, ದಪ್ಪ ಗಾಜಿನ ಕನ್ನಡಕ, ಹಣೆಯಲ್ಲಿ ಅರ್ಧ ಅಳಿಸಿದ ವಿಭೂತಿ. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದ್ದು ಹೊಸದಾಗಿ ಬಂದ ಒಬ್ಬ ಗುಮಾಸ್ತ ಮಾತ್ರ. "ಅರ್ಜಿ ಭಾಳ ಬಂದಿದ್ವಪ್ಪ," ಎಂದರಂತೆ ಮೇಡಂ, "ಎಲ್ಲಾದ್ರಾಗೂ ಸ್ಪೆಲ್ಲಿಂಗ್ ತಪ್ಪಿತ್ತು."

ಹುಡುಗರು ಅವರಿಗೆ ಇಟ್ಟ ಹೆಸರು 'ಅಲೇ ಮೇಡಂ'. ಅದಕ್ಕೆ ಕಾರಣವಾದದ್ದು ಒಂದು ಇಂಗ್ಲಿಷ್ ಕ್ರಿಯಾಪದ. ಅಂಜಿಕೆಯನ್ನೋ ಸಂಶಯವನ್ನೋ ತಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ 'ಅಲೇ' (allay) ಅನ್ನುತ್ತಾರೆ. ಈ ಶಬ್ದ ಪಠ್ಯದಲ್ಲಿ ಬಂದದ್ದು ಒಂದೇ ಸಲ, ಒಂದು ಪಾಠದ ಮೂಲೆಯಲ್ಲಿ. ಮೇಡಂ ಅದರ ಮೇಲೆ ಪ್ರತಿ ವರ್ಷ ಎರಡು ತಾಸು ತೆಗೆದುಕೊಳ್ಳುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ನನ್ನ ಮೂಲಭೂತ ಹಕ್ಕುಗಳು ಆ ಕಡೆ ಹೋಗುತ್ತಿರಲಿಲ್ಲ, ಅವರ ಕ್ರಿಯಾಪದ ಈ ಕಡೆ ಬರುತ್ತಿತ್ತು.

"ಅಲೇ ಸಕರ್ಮಕ. ಕರ್ಮ ಇಲ್ಲದ ನಿಲ್ಲಂಗಿಲ್ಲ," ಅನ್ನುತ್ತಿದ್ದರು. "ಆದ್ರ ಕರ್ಮದ ಜಾಗದಾಗ ಮನುಷ್ಯಾನ್ನ ಕುಂದ್ರಸಬ್ಯಾಡ್ರಿ. ನಿಮ್ಮಪ್ಪನ್ನ ಅಲೇ ಮಾಡಾಕ ಬರಂಗಿಲ್ಲ. ನಿಮ್ಮಪ್ಪನ ಅಂಜಿಕಿ ಇರತೈತಲ್ಲ, ಅದನ್ನ ಮಾಡಬೇಕು. ಯಾವ ಅಂಜಿಕಿ ಅಂತ ಗೊತ್ತಿಲ್ಲಂದ್ರ ಈ ಶಬ್ದದ ತಂಟೆಕ್ಕ ಹೋಗಬ್ಯಾಡ್ರಿ."

ಒಬ್ಬ ಹುಡುಗ ಕೇಳಿದ್ದು ನನಗೂ ಕೇಳಿಸಿತ್ತು. "ಮೇಡಂ, ಅಲೇ ಮಾಡಿದ್ರ ಅಂಜಿಕಿ ಪೂರಾ ಹೋಗತೈತೇನ್ರಿ?"

"ಇಲ್ಲ. ಕಡಿಮಿ ಆಗತೈತಿ. ಹಸಿವಿಗೂ ಇದನ್ನ ಹೇಳ್ತಾರ. ಈಗ ಉಂಡಿ, ಹಸಿವು ಕಡಿಮಿ ಆತು. ಸಂಜಿಗೆ ಮತ್ತ ಬರತೈತಿ, ಮತ್ತ ಉಣ್ಣಬೇಕು. ಇಂಗ್ಲಿಷಿನವ್ರು ಎಲ್ಲಾದ್ರಾಗೂ ಸುಳ್ಳು ಹೇಳ್ಯಾರ, ಈ ಶಬ್ದದಾಗ ಹೇಳಿಲ್ಲ."

ಪರೀಕ್ಷೆಯಲ್ಲಿ ಆ ಶಬ್ದವನ್ನು ವಾಕ್ಯದಲ್ಲಿ ಬಳಸಿ ಎಂದು ಕೇಳಿದಾಗ ಜವಳಗೇರಾದ ಒಬ್ಬ ಹುಡುಗ ಹೀಗೆ ಬರೆದಿದ್ದ: 'ಅಲೇ, ವೇರ್ ಆರ್ ಯೂ ಗೋಯಿಂಗ್?' ನಮ್ಮ ಕಡೆ ಗೆಳೆಯನನ್ನು ಕರೆಯುವ ಹಾಗೆ. ಮೇಡಂ ಆ ಉತ್ತರ ಪತ್ರಿಕೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ತೋರಿಸಿ ಅರ್ಧ ಅಂಕ ಕೊಟ್ಟರು. "ವ್ಯಾಕರಣ ಸತ್ತೈತಿ, ಆದ್ರ ಹುಡುಗಗ ಜೀವ ಐತಿ," ಅಂದರು. ಅಂದಿನಿಂದ ಅವರು ಅಲೇ ಮೇಡಂ. ಅವರಿಗೂ ಗೊತ್ತಿತ್ತು.

ನಾನು ಅವರ ಕೈಗೆ ಸಿಕ್ಕಿಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ನಾಲ್ಕನೇ ನಂಬರಿನ ಕೋಣೆಯ ಮಾಳಿಗೆಯಿಂದ ಗಚ್ಚು ಕಳಚಿ ಬಿತ್ತು. ಭಾನುವಾರ ಬಿದ್ದದ್ದರಿಂದ ಬೆಂಚಿಗೆ ಮಾತ್ರ ಪೆಟ್ಟಾಯಿತು. ಪೋಷಕರು ಗಾಬರಿಯಾದರು. ಆಡಳಿತ ಮಂಡಳಿಯವರಿಗೆ ಇಂಗ್ಲಿಷ್ ನೋಟೀಸ್ ಕಂಡರೆ ಗೌರವ ಜಾಸ್ತಿ ಎಂದು ಪ್ರಿನ್ಸಿಪಾಲರು ನನಗೆ ಒಂದು ಬರೆಯಲು ಹೇಳಿದರು. ನಾನು 'ಪೋಷಕರನ್ನು ಅಲೇ ಮಾಡುವ ಸಲುವಾಗಿ' ಎಂಬ ಅರ್ಥ ಬರುವಂತೆ ಶುರು ಮಾಡಿದ್ದೆ. ಮೇಡಂ ಅದನ್ನು ನನ್ನ ಹೆಗಲ ಹಿಂದಿನಿಂದ ಓದಿದರು.

"ಪೋಷಕರನ್ನ ಅಲೇ ಮಾಡ್ತೀರೇನು? ಮಾಡ್ರಿ. ಪೊಲೀಸ್ರು ಬಂದು ಒಯ್ತಾರ."

ಪ್ರಿನ್ಸಿಪಾಲರು, "ಅರ್ಥ ಆದ್ರ ಸಾಕಲ್ರಿ ಮೇಡಂ," ಎಂದರು.

"ಸರ್, ಗಚ್ಚು ಬಿದ್ದಿದ್ದು ಖರೆ, ಉಳಿದಿದ್ದು ಬೀಳಾಕ ತಯಾರ್ ಆಗಿದ್ದೂ ಖರೆ. ಅವರ ಅಂಜಿಕಿ ಕಡಿಮಿ ಆಗಬೇಕಂದ್ರ ನೋಟೀಸ್ ಬ್ಯಾಡ, ಗೌಂಡಿನ್ನ ಕರೆಸ್ರಿ," ಎಂದು ಹೇಳಿ ಮೇಡಂ ತಮ್ಮ ಕ್ಲಾಸಿಗೆ ಹೋದರು. ಗೌಂಡಿ ಬರಲು ಎರಡು ತಿಂಗಳು ಹಿಡಿಯಿತು. ಅಲ್ಲಿಯ ತನಕ ಅವರು ಆ ಕೋಣೆಯ ಪಾಠವನ್ನು ಹೊರಗೆ ಬೇವಿನ ಗಿಡದ ಕೆಳಗೆ ಮಾಡಿದರು. ಇದರಿಂದ ಪ್ರಿನ್ಸಿಪಾಲರಿಗೆ ಆದ ಮುಜುಗರವನ್ನು ಯಾವ ಕ್ರಿಯಾಪದದಿಂದಲೂ ತಗ್ಗಿಸಲು ಆಗಲಿಲ್ಲ.

ಇವೆಲ್ಲ ತಮಾಷೆಯ ಮಾತು. ಬರೆಯಲೇಬೇಕು ಅನಿಸಿದ್ದು ಬೇರೆ ಇದೆ. ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ.

ಕೆಲವು ವರ್ಷದ ಹಿಂದೆ ನಮ್ಮಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯನ್ನು ಇಲ್ಲಿ ಪಾರ್ವತಿ ಎಂದು ಕರೆಯುತ್ತೇನೆ. ಅವಳ ಹೆಸರು ಅದಲ್ಲ. ವಳಕಮದಿನ್ನಿಯವಳು, ನೆಲ್ಲು ಬೆಳೆಯುವ ಮನೆತನ, ಸೆಕೆಂಡ್ ಪಿಯುಸಿ. ಜಾಣೆ. ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಕಾರಣ ಅರ್ಧ ತಾಸಿನಲ್ಲಿ ಪತ್ತೆಯಾಯಿತು: ಯಾವನೋ ಹುಡುಗ. ನಮ್ಮಲ್ಲಿ ಹುಡುಗಿ ಕಾಲೇಜು ಬಿಟ್ಟರೆ ಕಾರಣ ಯಾವತ್ತೂ ಒಬ್ಬ ಹುಡುಗನೇ, ಅವನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಪ್ರಿನ್ಸಿಪಾಲರು ನನ್ನನ್ನು ಜೊತೆಗೆ ಕರೆದುಕೊಂಡು ವಳಕಮದಿನ್ನಿಗೆ ಹೋದರು. ನನ್ನ ಹೆಂಡತಿಯ ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ನನಗೆ ದಾರಿ ಗೊತ್ತಿತ್ತು. ಪಾರ್ವತಿಯ ಅಪ್ಪ ಚಹಾ ಕೊಟ್ಟರು. ಪ್ರಿನ್ಸಿಪಾಲರು, "ಏನೂ ಆಗಂಗಿಲ್ಲ ಬಿಡ್ರಿ, ಹುಡುಗಿ ಜವಾಬ್ದಾರಿ ನಮ್ದು," ಅಂದರು. ಆ ಮನುಷ್ಯ, "ಆತ್ರಿ ಸಾಹೇಬ್ರ, ಕಳಸ್ತೀನಿ," ಅಂದರು. ಒಂದು ವಾರ ಆಯಿತು, ಹುಡುಗಿ ಬರಲಿಲ್ಲ.

ಮೇಡಂ ನನ್ನನ್ನು ಹಿಡಿದು ಕೇಳಿದರು. "ಏನೂ ಆಗಂಗಿಲ್ಲ ಅಂತ ಹೇಳಿ ಬಂದ್ರಂತಲ್ಲ. ಏನು ಆಗಂಗಿಲ್ಲ?"

"ಏನೂ ಅಂದ್ರ... ಏನೂ."

"ಅವರಿಗೆ ಯಾವುದರ ಅಂಜಿಕಿ ಅಂತ ಕೇಳಿದ್ರೇನು?"

"ಇಲ್ರಿ."

"ಇಬ್ಬರು ಎಂಎ ಮಾಡಿದವ್ರು ಪೆಟ್ರೋಲ್ ಸುಟ್ಟುಕೊಂಡು ಹೋಗಿ, ಕರ್ಮ ಇಲ್ಲದ ವಾಕ್ಯ ಹೇಳಿ, ಚಾ ಕುಡದು ಬಂದೀರಿ." ಹಾಗೆಂದವರು ಬರುವ ಭಾನುವಾರ ತಾವೂ ಬರುವುದಾಗಿ ಹೇಳಿದರು. ಬರುತ್ತೀರಾ ಎಂದು ನನ್ನನ್ನು ಕೇಳಲಿಲ್ಲ, ಎಷ್ಟು ಗಂಟೆಗೆ ಎಂದು ಕೇಳಿದರು.

ಆ ಭಾನುವಾರ ಪಾರ್ವತಿಯ ಮನೆ ಮುಂದಿನ ಅಂಗಳದಲ್ಲಿ ಹೊಸ ನೆಲ್ಲು ಒಣಹಾಕಿದ್ದರು. ಮೇಡಂ ಕಟ್ಟೆಯ ಮೇಲೆ ಕೂತರು. ಮೂರು ಸಲ ಚಹಾ ಬಂತು. ಮೂರು ಸಲವೂ ಸಾಸರಿಗೆ ಸುರುವಿಕೊಂಡು, ಸುರ್ ಎಂದು ಸಪ್ಪಳ ಮಾಡಿ ಕುಡಿದರು. ಕಾಲೇಜಿನ ಮಾತೇ ಎತ್ತಲಿಲ್ಲ. ನೆಲ್ಲಿನ ಜಾತಿ ಯಾವುದು, ಕಾಲುವೆಗೆ ನೀರು ಎಂದು ಬಂತು, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದೆಲ್ಲ ಕೇಳಿದರು. ನಾನು ಗಡಿಯಾರ ನೋಡುತ್ತ ಕೂತೆ. ಕೊನೆಗೆ ಅಪ್ಪ ತಾವೇ ಬಾಯಿ ಬಿಟ್ಟರು.

"ಮೇಡಂ, ಅಕಿ ಬಸ್ಸಿನ್ಯಾಗ ಬಿದ್ರ ಏನ್ ಮಾಡ್ಲಿರಿ ನಾ?"

ನನಗೆ ಅರ್ಥವಾಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ತಾಯಿ ಸೆರಗು ಬಾಯಿಗೆ ಹಿಡಿದು, "ಫಿಟ್ಸ್ ಬರತಾವ್ರಿ ಅಕಿಗೆ," ಅಂದರು. ಅದರ ಹಿಂದಿನ ವರ್ಷದಿಂದ ಮೂರು ಸಲ ಬಂದಿತ್ತು. ಎರಡು ಸಲ ಮನೆಯಲ್ಲಿ, ಒಂದು ಸಲ ಹೊಲದಲ್ಲಿ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅವಳನ್ನು ಯಾರು ಮದುವೆಯಾಗುತ್ತಾರೆ ಎಂಬುದು ಅವರ ಚಿಂತೆ. ಸಿಂಧನೂರಿನ ದವಾಖಾನೆಗೆ ಹೋದರೆ ಊರಿನವರು ಯಾರಾದರೂ ನೋಡುತ್ತಾರೆ ಎಂದು ಡಾಕ್ಟರಿಗೂ ತೋರಿಸಿರಲಿಲ್ಲ. ಕೈಗೆ ಕಬ್ಬಿಣದ ಕೀಲಿ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕಾಲ ಹಾಕಿದ್ದರು.

ನನ್ನ ನಾಲಿಗೆಯ ತುದಿಗೆ 'ಏನೂ ಆಗಂಗಿಲ್ಲ ಬಿಡ್ರಿ' ಬಂದು ನಿಂತಿತ್ತು. ಅಷ್ಟರಲ್ಲಿ ಮೇಡಂ ಹೇಳಿದರು.

"ಬೀಳಬಹುದು."

ಅಪ್ಪ ತಲೆ ಎತ್ತಿ ನೋಡಿದರು. ಅಷ್ಟು ದಿನದಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ ಅಂತ ಕಾಣುತ್ತದೆ. ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಬದಲು ಹೆಗಲು ಸ್ವಲ್ಪ ಸಡಿಲವಾಯಿತು.

"ಬಿದ್ರ ಏನ್ ಮಾಡಬೇಕು ಅಂತ ನನಗೂ ಗೊತ್ತಿಲ್ಲ," ಎಂದರು ಮೇಡಂ. "ಡಾಕ್ಟರ್ನ ಕೇಳೋಣು. ಸಿಂಧನೂರು ಬ್ಯಾಡ, ಲಿಂಗಸುಗೂರಿಗೆ ಹೋಗೋಣು. ಅಲ್ಲಿ ನಿಮ್ಮನ್ನ ಯಾರೂ ಗುರ್ತು ಹಿಡಿಯಂಗಿಲ್ಲ. ನನ್ನ ಹಿಡೀತಾರ. ನನಗ ಬಂದೈತಿ ಅಂತ ತಿಳಕೊಳ್ಳಲಿ."

ಅವರು ಹೇಳಿದ ಹಾಗೇ ಆಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ತಮ್ಮ ಸರದಿಗಾಗಿ ಕಾಯುತ್ತ ಕೂತಿದ್ದಾಗ ಅಣ್ಣನ ಮನೆಯ ನೆರೆಯಾಕೆ ಸಿಕ್ಕು, ಏನಾಗಿದೆ ಎಂದು ಕೇಳಿದಳಂತೆ. "ಮೂರ್ಛಿ," ಎಂದರಂತೆ ಮೇಡಂ. ಯಾರಿಗೆ ಎಂದದ್ದಕ್ಕೆ, "ಬಂದು ಕುಂತಾಕಿ ನಾನಲ್ಲೇನು?" ಎಂದರಂತೆ. ಪಾರ್ವತಿ ಮತ್ತು ಅವಳ ಅಪ್ಪ ಎದುರಿನ ಬೆಂಚಿನಲ್ಲಿ ಯಾರೋ ಪರವೂರಿನವರ ಹಾಗೆ ಕೂತಿದ್ದರು. ಮಾರನೇ ದಿನವೇ ಮೇಡಂನ ಅಣ್ಣ ಗಾಬರಿಯಿಂದ ಮಸ್ಕಿಗೆ ಬಂದು, ಯಾವುದೋ ಸ್ವಾಮಿಗಳ ಕಡೆಯಿಂದ ಮಂತ್ರಿಸಿ ತಂದ ತಾಯತ ತಂಗಿಯ ತೋಳಿಗೆ ಕಟ್ಟಿದರು. ಮೇಡಂ ಆ ತಾಯತ ಕಟ್ಟಿಕೊಂಡೇ ಹದಿನೈದು ದಿನ ಕಾಲೇಜಿಗೆ ಬಂದರು.

"ಖರೆ ವಿಷಯ ಅಣ್ಣಗರ ಹೇಳಬಾರದೇನ್ರಿ?" ಎಂದು ನಾನು ಕೇಳಿದೆ.

"ಅಣ್ಣಗ ಹೇಳಿದ್ರ ಅತ್ತಿಗಿಗೆ ಹೇಳಿದಂಗ, ಅತ್ತಿಗಿಗೆ ಹೇಳಿದ್ರ ಬಜಾರಕ್ಕ ಹೇಳಿದಂಗ," ಎಂದರು. "ತಾಯತ ಕಟ್ಟಿದ ಮ್ಯಾಲೆ ಅಂವಾ ಸುಮ್ನ ಮಲಗ್ಯಾನಂತ. ಮಲಗ್ಲಿ."

ಡಾಕ್ಟರು ಪಾರ್ವತಿಗೆ ಗುಳಿಗೆ ಬರೆದುಕೊಟ್ಟಿದ್ದರು, ಫಿಟ್ಸ್ ಬಂದಾಗ ಏನು ಮಾಡಬೇಕು ಎಂದೂ ಹೇಳಿದ್ದರು. ಮೇಡಂ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನಗೆ ಬಾಯಿಪಾಠ ಮಾಡಿಸಿದರು. ಒಂದು ಮಗ್ಗುಲಿಗೆ ಹೊರಳಿಸಬೇಕು. ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಬೇಕು. ಕೈಕಾಲು ಬಿಗಿದು ಹಿಡಿಯಬಾರದು. ಬಾಯಿಯಲ್ಲಿ ಏನೂ ತುರುಕಬಾರದು. ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಬೇಕು. ನಾನು ಒಂದು ಮರೆತರೆ ಮೊದಲಿನಿಂದ ಹೇಳಿಸುತ್ತಿದ್ದರು.

"ಕಾಲೇಜಿನ್ಯಾಗ ಇಬ್ಬರಿಗೆ ಗೊತ್ತಿರಲಿ," ಎಂದರು. "ನಾನು, ನೀವು. ಮೂರನೇದವರು ಬ್ಯಾಡ."

ಪಾರ್ವತಿ ಮತ್ತೆ ಬರತೊಡಗಿದಳು. ಅಪ್ಪ ತಾವೇ ಬಸ್ಸಿಗೆ ಹತ್ತಿಸಿ ಹೋಗುತ್ತಿದ್ದರು. ಮೂರು ವಾರ ಎಲ್ಲ ಸರಿಯಾಗಿತ್ತು.

ಮೂರನೆಯವರಿಗೆ ಹೇಳಿದ್ದು ನಾನು. ಊಟ ಮಾಡುತ್ತ ನನ್ನ ಹೆಂಡತಿಗೆ ಹೇಳಿದೆ. ಮೇಡಂ ಎಂಥ ಕೆಲಸ ಮಾಡಿದರು ನೋಡು ಎಂದು ಹೊಗಳುವುದಕ್ಕೇ ಹೇಳಿದ್ದು. ಹೊಗಳುವ ಉಮೇದಿನಲ್ಲಿ ಊರು, ಮನೆ, ಹುಡುಗಿ ಎಲ್ಲ ಬಂದುಬಿಟ್ಟವು. ನನ್ನ ಹೆಂಡತಿ ಕೆಟ್ಟವಳಲ್ಲ. ಅವಳ ಜೀವ ಮರುಗಿತು. ವಳಕಮದಿನ್ನಿಯ ತನ್ನ ಅಕ್ಕನಿಗೆ ಫೋನ್ ಮಾಡಿ, ಯಾವುದೋ ಊರಿನಲ್ಲಿ ಮೂರ್ಛೆಗೆ ಬೇರು ಕೊಡುತ್ತಾರೆ, ಆ ಮನೆಯವರಿಗೆ ತಿಳಿಸು ಎಂದಳು. ಅಕ್ಕ ತಿಳಿಸಿದಳು. ದಾರಿಯಲ್ಲಿ ಸಿಕ್ಕವರಿಗೂ ತಿಳಿಸಿದಳು. ಎರಡು ದಿನದಲ್ಲಿ ಪಾರ್ವತಿಗೆ ಫಿಟ್ಸ್ ಇದೆ ಎಂಬುದು ವಳಕಮದಿನ್ನಿಯ ಕಟ್ಟೆಕಟ್ಟೆಗೂ ಗೊತ್ತಿತ್ತು. ಮೂರನೇ ದಿನ ಹುಡುಗಿ ಕಾಲೇಜಿಗೆ ಬರಲಿಲ್ಲ. ಮೇಡಂ ಫೋನ್ ಮಾಡಿದರೆ ಅಪ್ಪ ಎತ್ತಲಿಲ್ಲ.

ಮೇಡಂ ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹೇಳಿದಿರಾ ಎಂದು ಕೇಳಲಿಲ್ಲ. "ಯಾರಿಗೆ ಹೇಳಿದ್ರಿ?" ಎಂದರು.

"ನಾ ಯಾರಿಗೂ ಹೇಳಿಲ್ರಿ ಮೇಡಂ," ಎಂದು ಹೇಳಿ ಕ್ಲಾಸಿಗೆ ಹೋದೆ. ಆ ಒಂದು ತಾಸು ಚುನಾವಣಾ ಆಯೋಗದ ಬಗ್ಗೆ ಏನು ಹೇಳಿದೆನೋ ದೇವರಿಗೇ ಗೊತ್ತು. ವಾಪಸ್ ಬಂದು ನಿಂತೇ ಹೇಳಿದೆ. "ನನ್ನ ಹೆಂಡತಿಗೆ ಹೇಳಿದೆರಿ."

ಮೇಡಂ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಆ ಪುಟ ಮುಗಿಯುವ ತನಕ ತಿದ್ದಿದರು. ಆಮೇಲೆ, "ಹೋಗಿ ಹುಡುಗಿ ಅಪ್ಪಗ ಹೇಳಿ ಬರ್ರಿ," ಎಂದರು.

"ನೀವೂ ಬರ್ರಿ ಮೇಡಂ."

"ನಾ ಯಾಕ? ಬಾಯಿ ನಿಮ್ದು."

ಮನೆಗೆ ಹೋಗಿ ಹೇಳಿದಾಗ ಹೆಂಡತಿ ಆರಿಸುತ್ತಿದ್ದ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಸೀರೆ ಬದಲಿಸಿದಳು. "ನಡೀರಿ, ನಾನೂ ಬರ್ತೀನಿ. ನೀವು ಹೇಳಿದ್ದು ಒಬ್ಬಾಕಿಗೆ, ನಾ ಹೇಳಿದ್ದು ಊರಿಗೆ," ಅಂದಳು. ಕಾಲುವೆಯ ದಂಡೆಯ ಮೇಲೆ ಬೈಕಿನಲ್ಲಿ ಹೋಗುವಾಗ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ನಮ್ಮ ಮದುವೆಯ ಇಷ್ಟು ವರ್ಷದಲ್ಲಿ ಅದೊಂದು ದಾಖಲೆ.

ಪಾರ್ವತಿಯ ಅಪ್ಪ ಅಂಗಳದಲ್ಲಿ ನೆಲ್ಲು ಚೀಲಕ್ಕೆ ತುಂಬುತ್ತಿದ್ದರು. ಕೂಡ್ರಿ ಅನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ನನ್ನ ಹೆಂಡತಿಯೂ ತನ್ನ ಪಾಲಿನದನ್ನು ಹೇಳಿದಳು. ಅವರು ಚೀಲದ ಬಾಯಿ ಕಟ್ಟಿ ಮುಗಿಸಿದರು.

"ಮೇಡಂ ಹೇಳಿಲ್ಲ?"

"ಇಲ್ರಿ. ನಾನ."

"ನಾ ಆಯಮ್ಮ ಹೇಳ್ಯಾಳ ಅಂತ ತಿಳಿದಿದ್ದೆ. ಅದ ಭಾಳ ಬ್ಯಾನಿ ಆಗಿತ್ತು," ಅಂದರು. ಮುಖ ಸ್ವಲ್ಪ ತಿಳಿಯಾಯಿತು. "ನಿಮ್ಮ ಮ್ಯಾಲೆ ನನಗ ಅಷ್ಟು ನಂಬಿಕಿ ಇದ್ದಿದ್ದಿಲ್ಲ ಬಿಡ್ರಿ, ಹಂಗಾಗಿ ಏನೂ ಅನ್ಸಂಗಿಲ್ಲ."

ಹೆಂಡತಿ ನೆಲ ನೋಡುತ್ತಿದ್ದಳು. ಅವಳು ನಗು ತಡೆಯುತ್ತಿದ್ದಳು ಎಂದು ನನಗೆ ಇವತ್ತಿಗೂ ಅನುಮಾನವಿದೆ.

ಆಗ ಪಾರ್ವತಿ ಒಳಗಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಕಡೆ ನೋಡಲಿಲ್ಲ, ಅಪ್ಪನ ಎದುರಿಗೆ ಹೋಗಿ ನಿಂತಳು.

"ಅಪ್ಪ, ಊರಿಗೆ ಗೊತ್ತಾಗಬಾರದು ಅಂತ ಅಂಜತಿದ್ದಿ. ಈಗ ಗೊತ್ತಾತು. ಇನ್ನ ಮನ್ಯಾಗ ಕುಂತು ಏನ್ ಮುಚ್ಚಿಡಲಿ?"

ಅಪ್ಪ ಕೆಳಗೆ ಚೆಲ್ಲಿದ್ದ ನೆಲ್ಲು ಬಳಿಯತೊಡಗಿದರು.

"ಮಂದಿ ಅನ್ನೋದೆಲ್ಲ ಅಂದು ಮುಗಿಸ್ಯಾರ. ನಾ ನಾಳಿ ಬಸ್ಸಿಗೆ ಹೋಗ್ತೀನಿ. ನೀ ಬಸ್‌ಸ್ಟ್ಯಾಂಡ್ ತನಕ ಬರದಿದ್ರೂ ನಡೀತೈತಿ."

ಆಕೆ ಒಳಗೆ ಹೋದಳು, ನನ್ನ ಹೆಂಡತಿಯೂ ಅವಳ ಹಿಂದೆ ಹೋದಳು. ಅಪ್ಪ ಇನ್ನೊಂದು ಖಾಲಿ ಚೀಲ ಝಾಡಿಸಿ, ಅದರ ಒಂದು ಬದಿ ನನ್ನ ಕಡೆ ಚಾಚಿದರು. ನಾನು ಬಾಯಿ ಅಗಲಿಸಿ ಹಿಡಿದುಕೊಂಡೆ, ಅವರು ನೆಲ್ಲು ಸುರಿದರು. ಹಾಗೆ ಏಳು ಚೀಲ ತುಂಬಿದೆವು. ಒಳಗಿನಿಂದ ನನ್ನ ಹೆಂಡತಿ ಮತ್ತು ಪಾರ್ವತಿಯ ತಾಯಿ ಮಾತಾಡುವುದು ಕೇಳುತ್ತಿತ್ತು. ಬೇರಿನ ಸುದ್ದಿ ಮತ್ತೆ ಬರಲಿಲ್ಲ.

ಮರುದಿನ ಪಾರ್ವತಿ ಬಂದಳು. ಮೇಡಂ ನನ್ನನ್ನು ಬಯ್ಯಲಿಲ್ಲ. ಆದರೆ ಮಧ್ಯಾಹ್ನ ಡಬ್ಬಿ ತೆರೆದು ಎಲ್ಲರಿಗೂ ಚುರುಮುರಿ ಹಂಚುವಾಗ ಒಂದು ತಿಂಗಳು ನನ್ನ ಕೈ ದಾಟಿ ಮುಂದೆ ಹೋದರು.

ಜನವರಿಯಲ್ಲಿ ಒಂದು ದಿನ ಮೇಡಂ ರಜೆ ಹಾಕಿದ್ದರು. ಲಿಂಗಸುಗೂರಿನಲ್ಲಿ ಅಣ್ಣನ ಮನೆಯಲ್ಲಿ ಪೂಜೆ. ಮಧ್ಯಾಹ್ನ ಹನ್ನೆರಡರ ತಾಸು ನನ್ನದು, ಸೆಕೆಂಡ್ ಪಿಯುಸಿಗೆ. ನಾನು ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿದ್ದೆ. ಹಿಂದೆ ಬೆಂಚು ಎಳೆದ ಸಪ್ಪಳ, ಏನೋ ಬಿದ್ದ ಸಪ್ಪಳ. ತಿರುಗಿದರೆ ಪಾರ್ವತಿ ನೆಲದ ಮೇಲಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು, ಕಣ್ಣು ಮೇಲಕ್ಕೆ ಹೋಗಿದ್ದವು.

ಬಾಯಿಪಾಠ ಮಾಡಿದ್ದರಲ್ಲಿ ಒಂದೂ ನೆನಪಾಗಲಿಲ್ಲ. ಪ್ರಿನ್ಸಿಪಾಲರನ್ನು ಕರೆಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ಬಾಗಿಲ ಕಡೆ ನಡೆದವು. ಹೊಸ್ತಿಲಿನ ತನಕ ಹೋಗಿದ್ದೆ. ಹಿಂದಿನಿಂದ ಒಬ್ಬ ಹುಡುಗಿಯ ದನಿ ಕೇಳಿತು, "ಸರ್, ಟೈಮ್ ನೋಡ್ರಿ."

ತಿರುಗಿ ನೋಡಿದೆ. ಒಬ್ಬಳು ತನ್ನ ವೇಲು ಮಡಚಿ ಪಾರ್ವತಿಯ ತಲೆಯ ಕೆಳಗೆ ಇಡುತ್ತಿದ್ದಳು. ಇಬ್ಬರು ಹುಡುಗರು ಬೆಂಚುಗಳನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಇನ್ನೊಬ್ಬಳು ಮೆಲ್ಲಗೆ ಅವಳನ್ನು ಮಗ್ಗುಲಿಗೆ ಹೊರಳಿಸುತ್ತ ಬಾಯಲ್ಲೇ ಗೊಣಗುತ್ತಿದ್ದಳು: "ಟರ್ನ್ ಹರ್ ಆನ್ ಹರ್ ಸೈಡ್. ಡೋಂಟ್ ಹೋಲ್ಡ್ ಹರ್ ಡೌನ್. ಡೋಂಟ್ ಪುಟ್ ಎನಿಥಿಂಗ್ ಇನ್ ಹರ್ ಮೌತ್." ಪಾಠ ಒಪ್ಪಿಸುವ ಹಾಗೆ, ಒಂದಾದ ಮೇಲೊಂದು. ನನಗೆ ಆಮೇಲೆ ಗೊತ್ತಾಯಿತು. ವಿಷಯ ಊರಿಗೆಲ್ಲ ತಿಳಿದ ಮೇಲೆ ಮೇಡಂ ಪಾರ್ವತಿಯನ್ನು ಕೇಳಿಯೇ ಇಡೀ ಕ್ಲಾಸಿಗೆ ಇದನ್ನು ಕಲಿಸಿದ್ದರು. ಆಜ್ಞಾರ್ಥಕ ವಾಕ್ಯಗಳ ಪಾಠ ಎಂದು ಹೇಳಿ ಪಾರ್ವತಿಯನ್ನೇ ನೆಲದ ಮೇಲೆ ಮಲಗಿಸಿ ಒಬ್ಬೊಬ್ಬರಿಂದಲೂ ಮಾಡಿಸಿದ್ದರು. ಆ ಕೋಣೆಯಲ್ಲಿದ್ದ ನಲವತ್ತು ಚಿಲ್ಲರೆ ಮಂದಿಯಲ್ಲಿ ಓಡಲು ಹೊರಟವನು ನಾನೊಬ್ಬನೇ.

ವಾಪಸ್ ಬಂದು ಅವಳ ಪಕ್ಕ ಮೊಣಕಾಲೂರಿ ಕೂತೆ. ಕೈ ಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಅಷ್ಟು ನಿಧಾನ ತಿರುಗುವುದನ್ನು ನಾನು ಎಂದೂ ನೋಡಿರಲಿಲ್ಲ. ಅದುರುವುದು ನಿಂತಿತು. ಸ್ವಲ್ಪ ಹೊತ್ತು ಅವಳು ನಿದ್ದೆ ಹೋದವಳ ಹಾಗೆ ಉಸಿರಾಡಿದಳು. ಆಮೇಲೆ ಕಣ್ಣು ಬಿಟ್ಟಳು, ಎಲ್ಲರನ್ನೂ ನೋಡಿದಳು, ನನ್ನನ್ನು ನೋಡಿದಳು.

"ಎಷ್ಟೊತ್ತು ಸರ್?" ನಾಲಿಗೆ ಇನ್ನೂ ತೊದಲುತ್ತಿತ್ತು.

"ಎರಡು ನಿಮಿಷ."

"ಅಷ್ಟನಾ? ಮನ್ಯಾಗ ಅರ್ಧ ತಾಸು ಅಂತಿದ್ರು."

ಅವಳು ಆ ವರ್ಷ ಪಾಸಾದಳು. ಮುಂದೆ ಓದಿದಳು. ಈಗ ಮಸ್ಕಿಯ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಟೀಚರ್. ಗುಳಿಗೆ ತಪ್ಪಿಸುವುದಿಲ್ಲ, ಬಹಳ ದಿನದಿಂದ ಫಿಟ್ಸ್ ಬಂದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ತನ್ನ ಜೊತೆಯ ಟೀಚರುಗಳನ್ನು ಕೂರಿಸಿ ತನಗೆ ಬಂದರೆ ಏನು ಮಾಡಬೇಕೆಂದು ಹೇಳಿಕೊಟ್ಟಳಂತೆ. ನೋಡಲು ಬಂದ ಗಂಡಿನವರಿಗೂ ಅವಳೇ ಮೊದಲು ಹೇಳುತ್ತಾಳೆ. ಇಬ್ಬರು ಎದ್ದು ಹೋಗಿದ್ದಾರೆ. "ಹೋಗ್ಲಿ ಬಿಡ್ರಿ ಸರ್, ಚಾ ಉಳೀತು," ಎಂದಳು ಹೋದ ವರ್ಷ ಸಿಕ್ಕಾಗ. ಮಾತಿನ ಧಾಟಿ ಎಲ್ಲಿಂದ ಬಂದಿದೆ ಎಂದು ನಾನು ಕೇಳಲಿಲ್ಲ.

ಆ ಜನವರಿಯ ಮಧ್ಯಾಹ್ನ, ಪಾರ್ವತಿಯನ್ನು ಸ್ಟಾಫ್ ರೂಮಿನಲ್ಲಿ ಮಲಗಿಸಿ, ನೀರು ಕುಡಿಸಿದ ಮೇಲೆ ನಾನು ಹೊರಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಹಿಂದೆ ಪೂಜೆಯ ಗದ್ದಲ ಕೇಳುತ್ತಿತ್ತು. ಎಲ್ಲ ಹೇಳಿದೆ. ಅವರು ಎಷ್ಟು ನಿಮಿಷ ಎಂದು ಕೇಳಿದರು, ಪೆಟ್ಟಾಯಿತಾ ಎಂದು ಕೇಳಿದರು, ಡಾಕ್ಟರಿಗೆ ತಿಳಿಸಿದಿರಾ ಎಂದು ಕೇಳಿದರು. ಆಮೇಲೆ, "ನೀವು ಓಡಿ ಹೋಗ್ತೀರಿ ಅಂತ ನನಗ ಅಂಜಿಕಿ ಇತ್ತು," ಎಂದರು.

"ಬಾಗಿಲ ತನಕ ಹೋಗಿದ್ದೆರಿ ಮೇಡಂ," ಎಂದೆ.

ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಎಲ್ಲೋ ಗದ್ದಲ ಇಲ್ಲದ ಕಡೆ ನಡೆದುಹೋದರು ಅಂತ ಕಾಣುತ್ತದೆ, ದನಿ ಹತ್ತಿರವಾಯಿತು.

"ನಾ ಇನ್ನೂ ಒಮ್ಮೀನೂ ಅಕಿಗೆ ಬಂದಿದ್ದು ಕಣ್ಣಲೆ ನೋಡಿಲ್ರಿ. ದಿನಾ ಆ ಕ್ಲಾಸಿಗೆ ಹೋಗಬೇಕಾದ್ರ, ನನ್ನ ತಾಸಿನ್ಯಾಗ ಬ್ಯಾಡಪ್ಪ ಶಿವನ ಅಂತ ಕೊರಳಾಗಿನ ಲಿಂಗ ಮುಟ್ಟಿಕೊಂಡು ಒಳಗ ಹೋಗ್ತಿದ್ದೆ. ನೋಡ್ರಿ, ನಿಮ್ಮ ತಾಸಿಗೆ ಬಂತು." ಆಮೇಲೆ, "ತಪ್ಪಾತ್ರಿ," ಎಂದರು.

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಅಷ್ಟರಲ್ಲಿ ಆ ಕಡೆ ಮಂಗಳಾರತಿಯ ಗಂಟೆ ಶುರುವಾಯಿತು, ಯಾರೋ ಅವರನ್ನು ಕರೆದರು. "ಅಕಿ ಅಪ್ಪಗ ನೀವು ಫೋನ್ ಮಾಡಬ್ಯಾಡ್ರಿ, ನಾ ಮಾಡ್ತೀನಿ," ಎಂದು ಹೇಳಿ ಮೇಡಂ ಫೋನಿಟ್ಟರು.